ಹಾಲೂಡುವ ಜೇಡ

ಜೇಡರಹುಳುವೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಅದರ ಬಲೆ. ನಮ್ಮ ಹಿಂದಿನವರು ಈ ಪ್ರಾಣಿಯನ್ನು ಊರ್ಣನಾಭವೆಂದು ಕರೆದರು; ತನ್ನೊಳಗಿನಿಂದಲೇ ನೂಲನ್ನು ಹೊರಗೆಡಹುವ ಅದರ ಶಕ್ತಿಯನ್ನು ಕಂಡು ಬೆರಗಾಗಿ, ಜಗತ್ತಿನ ಸೃಷ್ಟಿಗೆ ಅದನ್ನೇ ಉಪಮಾನವಾಗಿ ತಂದರು. ಆದರೆ ಬೇಟೆಗಾಗಿ ಬಲೆಯನ್ನೇ ಕಟ್ಟದ ಜೇಡಗಳೂ ಬೇಕಾದಷ್ಟಿವೆ. ಹಗಲು ಹೊತ್ತಿನಲ್ಲಿ ಮನೆಯ ಗೋಡೆಯ ಮೇಲೋ ಕಿಟಕಿಯ ಚೌಕಟ್ಟಿನ ಮೇಲೋ ತಡೆದು ತಡೆದು ನಡೆಯುತ್ತ, ನೊಣವೊಂದು ಬಂದು ಕುಳಿತರೆ ಬೆಕ್ಕಿನಂತೆ ಹೊಂಚುಹಾಕಿ, ಮೆಲ್ಲಗೆ ಹತ್ತಿರ ಸರಿದು, ಒಮ್ಮೆಲೇ ಅದರ ಮೇಲೆ ಹಾರಿ ಬೀಳುವ ಗಿಡ್ಡ ಜೇಡವನ್ನು ನಮ್ಮ ಓದುಗರೆಲ್ಲರೂ ನೋಡಿರಬೇಕು. ಬೆರಳನ್ನು ಸಮೀಪಕ್ಕೆ ಒಯ್ದರೆ ಅದು ಒಡನೆಯೇ ಓಡಿಹೋಗುವುದಿಲ್ಲ. ತಿರುಗಿ ನಿಂತು ನಮ್ಮನ್ನೇ ದಿಟ್ಟಿಸುತ್ತದೆ. ಇದೇ ನೆಗೆಯುವ ಜೇಡ. ಪ್ರಾಣಿಶಾಸ್ತ್ರಜ್ಞರು ಇದರ ಬಳಗವನ್ನು ಸಾಲ್ಟಿಸಿಡೆ ಎಂದು ಹೆಸರಿಸಿದ್ದಾರೆ. ಜೇಡಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡ ಬಳಗ. ಇದುವರೆಗೆ ಗುರುತಿಸಲಾಗಿರುವ ಜಾತಿಗಳೇ ೬,೦೦೦ಕ್ಕೂ ಮಿಕ್ಕಿವೆ.

ಇದರ ಬೇಟೆಯ ಚಾತುರ್ಯವನ್ನು ಕುರಿತು ಬರೆದವರು ಅನೇಕರಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಅದರ ತಾಯ್ತನದ ವಿಷಯ. ಮರಿಗೆ ಹಾಲೂಡುವುದು ಸಸ್ತನಿಗಳಿಗೆ ಮಾತ್ರ ಮೀಸಲಾದ ಗುಣವೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆ ವರ್ಗಕ್ಕೆ ಹೆಸರು ಬಂದುದೇ ಅದರಿಂದ. ೨೦೧೮ರಲ್ಲಿ ಒಂದು ಪುಟ್ಟ ಜೇಡ ಈ ಮಾತನ್ನು ಮತ್ತೊಮ್ಮೆ ವಿಚಾರಮಾಡುವಂತೆ ಮಾಡಿತು.

ಕಿಟಕಿಯ ಮೂಲೆಯ ಗೂಡು

ನಾವು ಭೌತಶಾಸ್ತ್ರವನ್ನು ಬೋಧಿಸುವವರು. ಜೇಡಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುವ ಹಕ್ಕು ನಮಗಿಲ್ಲ. ಆದರೆ ಬೆಳಕಿನ ಪ್ರಯೋಗಗಳಿಗೆಂದು ನಾವು ಬಳಸುವ ಕತ್ತಲೆಕೋಣೆಯ ಕಿಟಕಿಯನ್ನು ವರ್ಷದಲ್ಲಿ ಬಹಳ ದಿನ ತೆರೆಯುವುದಿಲ್ಲ. ಆದುದರಿಂದ ಅದರ ಮರದ ಚೌಕಟ್ಟಿನ ಮೂಲೆ ಜೇಡಗಳಿಗೆ ಬಹಳ ಮೆಚ್ಚಿಗೆಯಾದ ಸ್ಥಳವಾಗಿದೆ. ೨೦೨೨ರ ಮಳೆಗಾಲದಲ್ಲಿ ಅಲ್ಲಿ ಒಂದು ರೂಪಾಯಿಯ ನಾಣ್ಯದಷ್ಟು ಅಗಲದ, ತೆಳ್ಳನೆಯ ಬಿಳಿಯ ರೇಷ್ಮೆಯ ಚೀಲವೊಂದು ಕಾಣಿಸಿತು. ಅದರ ಮೇಲೆ ಗೋಡೆಯ ನೆಗೆಜೇಡವೊಂದು ಕುಳಿತಿದ್ದಿತು. ಚೀಲದೊಳಗೆ ಮೊಟ್ಟೆಗಳಿರಬೇಕೆಂದು ಊಹಿಸಿದ ನಾವು, ಎಷ್ಟಿವೆಯೆಂದು ಎಣಿಸುವ ಆತುರದಿಂದ, ಸೂಜಿಯ ತುದಿಯಿಂದ ರೇಷ್ಮೆಯನ್ನು ಬಿಡಿಸಿದೆವು. ಸಾಸುವೆಗಿಂತ ಸಣ್ಣನೆಯ, ನಸುಹಳದಿಯ ಮೊಟ್ಟೆಗಳು ನಲವತ್ತೊಂದು ಇದ್ದುವು. ಸಂಖ್ಯೆಯನ್ನು ಬರೆದುಕೊಂಡು ತೃಪ್ತಿಪಟ್ಟೆವು.

ಆ ದಿನವೆಲ್ಲ ತಾಯಿಜೇಡ ಅಲ್ಲಿಯೇ ಸುಳಿದಾಡಿತು. ಹರಿದ ಬಾಯಿಗೆ ಅಡ್ಡಲಾಗಿ ಒಂದೆರಡು ಎಳೆಗಳನ್ನೂ ಹಾಯಿಸಿತು. ಮೂರನೆಯ ದಿನ ಅದು ಕಾಣಿಸಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಸಣ್ಣ ಇರುವೆಗಳು ಸಾಲುಗಟ್ಟಿ ಮೊಟ್ಟೆಗಳನ್ನು ಹೊತ್ತುಕೊಂಡು ಹೋಗುತ್ತಿದ್ದುವು. ಮಧ್ಯಾಹ್ನದ ವೇಳೆಗೆ ಚೀಲ ಬರಿದಾಯಿತು. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ನಲವತ್ತೊಂದು ಎಂಬ ಅಂಕೆ ಈಗಲೂ ಇದೆ. ವಿದ್ಯಾರ್ಥಿಗಳಿಗೆ ಅಳತೆಯ ಉಪಕರಣವು ಅಳೆಯುವ ವಸ್ತುವನ್ನೇ ಕೆಡಿಸಬಾರದೆಂದು ವರ್ಷವರ್ಷವೂ ಹೇಳುವ ನಮಗೆ ಈ ತಪ್ಪು ಸ್ವಲ್ಪ ನಾಚಿಕೆಯನ್ನೇ ಉಂಟುಮಾಡಿತು.

ಮರುವರ್ಷ ಅದೇ ಮೂಲೆಯಲ್ಲಿ ಮತ್ತೊಂದು ಗೂಡು ಕಂಡಾಗ ನಾವು ಬೆರಳನ್ನೂ ಮುಟ್ಟಿಸಲಿಲ್ಲ. ಕೈಮಸೂರವೊಂದನ್ನು ಹಿಡಿದು, ಟಾರ್ಚಿನ ಮೋರೆಗೆ ಕೆಂಪು ಕಾಗದ ಕಟ್ಟಿ, ನಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ದಿನಕ್ಕೆ ಮೂರು ಸಲ ನೋಡುತ್ತ ಬಂದೆವು. ಎರಡು ಮೂರು ಸಲದ ಹೊರತು, ನಾವು ನೋಡಿದಾಗಲೆಲ್ಲ ತಾಯಿ ಚೀಲದ ಮೇಲೆಯೇ ಇದ್ದಿತು. ಇರುವೆಯೊಂದು ಸಮೀಪಕ್ಕೆ ಬಂದರೆ ಮುಂದಿನ ಕಾಲುಗಳನ್ನು ಎತ್ತಿ ಅದರೆದುರಿಗೆ ನಿಲ್ಲುತ್ತಿದ್ದಿತು. ದಿನ ಕಳೆದಂತೆ ಅದರ ಹೊಟ್ಟೆ ಸೊರಗುತ್ತ ಬಂದಿತು. ನಾಲ್ಕನೆಯ ವಾರದಲ್ಲಿ ಚೀಲದ ಅಂಚಿನಿಂದ ಮರಿಗಳು ಹೊರಬಂದುವು. ಒಂದೆರಡು ದಿನ ಗೂಡಿನ ಸುತ್ತಲೇ ಓಡಾಡಿಕೊಂಡಿದ್ದು, ಅನಂತರ ಒಂದೊಂದಾಗಿ ಎತ್ತಲೋ ಹೊರಟುಹೋದುವು. ತಾಯಿ ಅವಕ್ಕೆ ಯಾವ ಆಹಾರವನ್ನೂ ಕೊಟ್ಟುದು ನಮಗೆ ಕಾಣಲಿಲ್ಲ. ಕಾವಲಿನ ಕೆಲಸ ಮುಗಿದೊಡನೆ ಅದೂ ಬೇಟೆಗೆ ಹೊರಟಿತು.

ಸಾಮಾನ್ಯವಾಗಿ ನೆಗೆಜೇಡದ ತಾಯ್ತನ ಇಷ್ಟೇ. ಮೊಟ್ಟೆಯೊಡೆದ ಮರಿ ತನ್ನ ಮೈಯಲ್ಲಿ ಉಳಿದಿರುವ ಭಂಡಾರವನ್ನು ಉಪಯೋಗಿಸಿಕೊಂಡು ಚೀಲದೊಳಗೇ ಒಮ್ಮೆ ಪೊರೆ ಕಳಚುತ್ತದೆ. ಹೊರಬಂದ ಮೇಲೆ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುತ್ತದೆ.

ಒಂಟಿಬಾಳಿನ ಬೇಟೆಗಾರ

ಮರಿಗಳು ಇಷ್ಟು ಬೇಗ ಸ್ವತಂತ್ರವಾಗಲು ಸಾಧ್ಯವಾಗುವುದು ಹೇಗೆ? ಇದಕ್ಕೆ ಉತ್ತರ ಅವುಗಳ ಕಣ್ಣಿನಲ್ಲಿಯೂ ಕಾಲಿನಲ್ಲಿಯೂ ಇದೆ. ಇವೆರಡೂ ಭೌತಶಾಸ್ತ್ರದ ವಿದ್ಯಾರ್ಥಿಗೆ ಹಬ್ಬದಂತಹ ವಿಷಯಗಳು.

ಈ ಜೇಡಕ್ಕೆ ಎಂಟು ಕಣ್ಣುಗಳು. ಅವುಗಳಲ್ಲಿ ಮುಖದ ನಡುವಿನ ಎರಡು ದೊಡ್ಡ ಕಣ್ಣುಗಳೇ ಮುಖ್ಯವಾದುವು. ಹೊರಗಿನ ಮಸೂರ ತಲೆಯ ಕವಚಕ್ಕೆ ಅಂಟಿಕೊಂಡಿರುವುದರಿಂದ ಅಲುಗುವಂತಿಲ್ಲ. ಅದರ ಹಿಂದೆ ಉದ್ದನೆಯ ಕೊಳವೆ, ಕೊಳವೆಯ ಕೊನೆಯಲ್ಲಿ ಅಕ್ಷಿಪಟ. ಜೇಡವು ಸ್ನಾಯುಗಳ ಸಹಾಯದಿಂದ ಈ ಕೊಳವೆಯನ್ನೇ ಅತ್ತಿತ್ತ ಹೊರಳಿಸಿ, ಎದುರಿಗಿರುವ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಓದುತ್ತದೆ. ಎಂದರೆ ನಮ್ಮ ದೂರದರ್ಶಕದಂತೆ, ನೋಟದ ವಿಸ್ತಾರ ಕಿರಿದು, ಸ್ಪಷ್ಟತೆ ಹಿರಿದು. ಉಳಿದ ಆರು ಕಣ್ಣುಗಳು ಸುತ್ತಮುತ್ತಣ ಚಲನೆಯನ್ನು ಗಮನಿಸುವ ಕಾವಲುಗಾರರು.

ಕಾಲಿನ ವಿಷಯ ಇದಕ್ಕಿಂತಲೂ ಸೋಜಿಗವಾದುದು. ಮಿಡತೆಗೆ ಇರುವಂತಹ ದಪ್ಪ ತೊಡೆ ಇದಕ್ಕಿಲ್ಲ. ಜೇಡಗಳ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯು ಉಂಟೇ ಹೊರತು ನೀಳಿಸುವ ಸ್ನಾಯು ಇಲ್ಲ. ಮೈಯೊಳಗಿನ ರಕ್ತದ ಒತ್ತಡವನ್ನು ಥಟ್ಟನೆ ಏರಿಸಿ ಹಿಂಗಾಲುಗಳನ್ನು ಸೆಟೆದು ನಿಲ್ಲುವಂತೆ ಮಾಡಿ ಅವು ನೆಗೆಯುತ್ತವೆಂಬುದನ್ನು ಪ್ಯಾರಿ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ೧೯೫೯ರಲ್ಲಿ ತೋರಿಸಿಕೊಟ್ಟರು. ದ್ರವದ ಒತ್ತಡದಿಂದ ಭಾರವನ್ನೆತ್ತುವ ಯಂತ್ರದ ತತ್ತ್ವವೇ ಇದು.

ಇಂತಹ ಕಣ್ಣು ಕಾಲುಗಳುಳ್ಳ ಪ್ರಾಣಿಗೆ ನೆರೆಹೊರೆಯ ಹಂಗಿಲ್ಲ. ನೆಗೆಜೇಡಗಳು ಬಹುಮಟ್ಟಿಗೆ ಒಂಟಿಯಾಗಿಯೇ ಬಾಳುತ್ತವೆ. ಎರಡು ಜೇಡಗಳು ಎದುರಾದರೆ ಒಂದು ಇನ್ನೊಂದಕ್ಕೆ ಆಹಾರವಾಗುವುದೂ ಉಂಟು. ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಸಂಗತಿಯ ವೈಚಿತ್ರ್ಯ ಸರಿಯಾಗಿ ತಿಳಿಯುತ್ತದೆ.

ತಾಯ್ತನದ ಬಗೆಗಳು

ಜೇಡಗಳಲ್ಲಿ ಮರಿಗಳನ್ನು ಸಾಕುವ ಬಗೆಗಳು ಹಲವು. ಗದ್ದೆಯ ಬದುವಿನಲ್ಲಿ ಓಡಾಡುವ ತೋಳಜೇಡ ತನ್ನ ಮೊಟ್ಟೆಯ ಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ಹೋದಲ್ಲೆಲ್ಲ ಹೊತ್ತೊಯ್ಯುತ್ತದೆ. ಮರಿಗಳು ಹೊರಬಂದ ಮೇಲೆ ಕೆಲವು ದಿನ ಅವನ್ನೆಲ್ಲ ಬೆನ್ನಿನ ಮೇಲೆ ಹೇರಿಕೊಂಡು ತಿರುಗುತ್ತದೆ. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ, ಮುಳ್ಳುಗಿಡಗಳ ಮೇಲೆ ಕೊಳಕಾದ ಹತ್ತಿಯ ಉಂಡೆಯಂತೆ ಕಾಣುವ ಗೂಡು ಕಟ್ಟಿ ಗುಂಪಾಗಿ ಬಾಳುವ ಸ್ಟೆಗೊಡಿಫಸ್ ಎಂಬ ಜೇಡಗಳಿವೆ. ಈ ಕುಲದ ತಾಯಿ ತಾನು ಜೀರ್ಣಿಸಿಕೊಂಡ ಆಹಾರವನ್ನೇ ಕಕ್ಕಿ ಮರಿಗಳಿಗೆ ಉಣಿಸುತ್ತದೆ. ಕೊನೆಗೆ ತನ್ನ ಒಡಲೇ ಕರಗಿ ದ್ರವವಾಗುತ್ತಿರಲು, ಮರಿಗಳಿಗೆ ತಾನೇ ಕಡೆಯ ಊಟವಾಗಿ ಮುಗಿಯುತ್ತದೆ.

ಆದರೆ ಇವೆರಡರಲ್ಲಿ ಯಾವುದನ್ನೂ ಹಾಲೂಡುವುದೆಂದು ಕರೆಯಲಾಗದು. ತೋಳಜೇಡ ಮರಿಗಳಿಗೆ ಆಶ್ರಯವನ್ನು ಕೊಡುತ್ತದೆ, ಆಹಾರವನ್ನಲ್ಲ. ಸ್ಟೆಗೊಡಿಫಸ್ ಜೇಡ ಆಹಾರವನ್ನು ಕೊಡುತ್ತದೆ. ಆದರೆ ಮರಿಗಳು ಬೆಳೆದು ದೊಡ್ಡವಾಗುವವರೆಗೆ ಜೊತೆಯಲ್ಲಿರಲು ತಾಯಿಯೇ ಉಳಿದಿರುವುದಿಲ್ಲ.

ಯುನ್ನಾನಿನ ಜೇಡ

ಚೀನ ದೇಶದ ನೈರುತ್ಯದಲ್ಲಿ ಯುನ್ನಾನ್ ಪ್ರಾಂತವಿದೆ. ಅಲ್ಲಿನ ಶೀಶ್ವಾಂಗ್‌ಬನ್ನಾ ಉಷ್ಣವಲಯದ ಸಸ್ಯೋದ್ಯಾನದಲ್ಲಿ ಕೆಲಸಮಾಡುತ್ತಿದ್ದ ಚೆನ್ ಜಾನ್‌ಚಿ ಎಂಬ ವಿಜ್ಞಾನಿಯ ಗಮನವನ್ನು ಟಾಕ್ಸಿಯಸ್ ಮ್ಯಾಗ್ನಸ್ ಎಂಬ ನೆಗೆಜೇಡ ಸೆಳೆಯಿತು. ಇದು ಇರುವೆಯ ವೇಷವನ್ನು ಧರಿಸಿದ ಜೇಡ. ಸಣ್ಣ ನಡು, ನೀಳವಾದ ಮೈ. ಜೇಡಕ್ಕೆ ಮೀಸೆಗಳಿಲ್ಲದಿರುವುದರಿಂದ ಮುಂದಿನ ಜೋಡಿ ಕಾಲನ್ನೇ ಮೀಸೆಯಂತೆ ಆಡಿಸುತ್ತ ಇರುವೆಯ ನಡಗೆಯನ್ನು ಅಭಿನಯಿಸುತ್ತದೆ.

ಒಂದೇ ಗೂಡಿನಲ್ಲಿ ಹಲವು ದೊಡ್ಡ ಜೇಡಗಳು ಒಟ್ಟಿಗೆ ಇರುವುದು ಚೆನ್ ಅವರಿಗೆ ಕಂಡಿತು. ಒಂಟಿಬಾಳಿನ ಜಾತಿಯೆಂದು ತಿಳಿದಿದ್ದ ಪ್ರಾಣಿಯಲ್ಲಿ ಈ ಸಹವಾಸಕ್ಕೆ ಕಾರಣವೇನು? ಬೆಳೆದ ಮರಿಗಳು ಗೂಡನ್ನು ಬಿಟ್ಟುಹೋಗಲು ತಡಮಾಡುತ್ತಿರಬಹುದೆ? ಹಾಗಿದ್ದರೆ ಅಷ್ಟು ದಿನ ಅವು ತಿನ್ನುವುದಾದರೂ ಏನನ್ನು? ಈ ಪ್ರಶ್ನೆಗಳನ್ನು ಹಿಡಿದು ಅವರೂ ಅವರ ಸಂಗಡಿಗರೂ ಪ್ರಯೋಗಶಾಲೆಯಲ್ಲಿ ಗೂಡುಗಳನ್ನು ಹಗಲಿರುಳೂ ಕಾಯ್ದರು.

ಮೊಟ್ಟೆಯೊಡೆದು ಬಂದ ಮರಿಯ ಉದ್ದ ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಮೊದಲ ೨೦ ದಿನ ಯಾವ ಮರಿಯೂ ಬೇಟೆಗೆಂದು ಗೂಡಿನಿಂದ ಹೊರಬರಲಿಲ್ಲ; ತಾಯಿಯೂ ಗೂಡಿಗೆ ಬೇಟೆಯನ್ನು ತರಲಿಲ್ಲ. ಆದರೂ ಮರಿಗಳು ಬೆಳೆದುವು. ೨೦ ದಿನಗಳಾಗುವ ಹೊತ್ತಿಗೆ ಅವುಗಳ ಉದ್ದ ಸುಮಾರು ಮೂರೂವರೆ ಮಿಲಿಮೀಟರು, ಎಂದರೆ ತಾಯಿಯ ಉದ್ದದ ಅರ್ಧಕ್ಕಿಂತ ಹೆಚ್ಚು. ಇಲ್ಲಿ ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಮೈಯ ಆಕಾರ ಹೆಚ್ಚು ಬದಲಾಗಲಿಲ್ಲವೆಂದು ಭಾವಿಸಿದರೆ, ಉದ್ದ ನಾಲ್ಕುಪಟ್ಟಾದಾಗ ಗಾತ್ರ ನಾಲ್ಕರ ಘನದಷ್ಟು, ಎಂದರೆ ೬೪ ಪಟ್ಟು ಆಗಬೇಕು. ಉದ್ದ ನಾಲ್ಕುಪಟ್ಟಿಗೆ ಸ್ವಲ್ಪ ಕಡಿಮೆಯಿರುವುದರಿಂದ ಗಾತ್ರ ೬೦ ಪಟ್ಟಿನ ಸಮೀಪ ಬರುತ್ತದೆ. ಏನನ್ನೂ ತಿನ್ನದ ಮರಿ ಇಷ್ಟು ಬೆಳೆಯಿತೆಂದರೆ ದ್ರವ್ಯದ ನಿತ್ಯತೆಯ ನಿಯಮವನ್ನೇ ಕೈಬಿಡಬೇಕಾದೀತು! ಆದುದರಿಂದ ಆಹಾರ ಎಲ್ಲಿಂದಲೋ ಬರುತ್ತಿರಲೇಬೇಕು.

ಅದು ಬರುತ್ತಿದ್ದುದು ತಾಯಿಯ ಮೈಯಿಂದಲೇ. ಜೇಡದ ಉದರದ ಕೆಳಭಾಗದಲ್ಲಿ, ಮೊಟ್ಟೆಗಳು ಹೊರಬರುವ ಸ್ಥಳದಲ್ಲಿ, ಅಡ್ಡಲಾಗಿ ಒಂದು ಸೀಳುಗೆರೆಯಿದೆ. ಅದನ್ನು ಮೆಲ್ಲನೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೆಳ್ಳನೆಯ ದ್ರವದ ಹನಿಗಳು ಜಿನುಗಿದುವು. ಮೊದಲ ವಾರ ತಾಯಿ ಈ ಹನಿಗಳನ್ನು ಗೂಡಿನ ಒಳಮೈಗೆ ಅಲ್ಲಲ್ಲಿ ತೊಟ್ಟಿಕ್ಕಿಸುತ್ತದೆ. ಮರಿಗಳು ಅವನ್ನು ಕುಡಿಯುತ್ತವೆ. ಅನಂತರ ಮರಿಗಳೇ ತಾಯಿಯ ಹೊಟ್ಟೆಯಡಿಗೆ ಸೇರಿ, ಸೀಳುಗೆರೆಗೆ ಬಾಯಿಟ್ಟು ಹೀರುತ್ತವೆ. ೨೦ ದಿನ ಕಳೆದ ಮೇಲೆ ಹಗಲಿನಲ್ಲಿ ಹೊರಗೆ ಹೋಗಿ ಬೇಟೆಯಾಡಿದರೂ ರಾತ್ರಿ ಗೂಡಿಗೆ ಮರಳಿ ಹಾಲು ಕುಡಿಯುತ್ತವೆ. ಸುಮಾರು ೪೦ ದಿನಗಳಾಗುವವರೆಗೆ ಈ ಕ್ರಮ ನಡೆಯುತ್ತದೆ. ಆ ವೇಳೆಗೆ ಮರಿಗಳು ಹೆಚ್ಚುಕಡಿಮೆ ಪ್ರಾಯಕ್ಕೆ ಬರಲು ಸಿದ್ಧವಾಗಿರುತ್ತವೆ.

ಆ ದ್ರವವನ್ನು ಪರೀಕ್ಷಿಸಿದಾಗ ಅದರಲ್ಲಿ ಪ್ರೋಟೀನು, ಕೊಬ್ಬು, ಸಕ್ಕರೆ ಮೂರೂ ಕಂಡುಬಂದುವು. ಪ್ರೋಟೀನಿನ ಪ್ರಮಾಣ ಹಸುವಿನ ಹಾಲಿನಲ್ಲಿರುವುದಕ್ಕಿಂತ ಸುಮಾರು ನಾಲ್ಕುಪಟ್ಟು ಹೆಚ್ಚು. ಕೊಬ್ಬೂ ಸಕ್ಕರೆಯೂ ಅದರ ಮುಂದೆ ಅತ್ಯಲ್ಪ.

ಕೂಡಿಕೊಂಡುದನ್ನು ಬಿಡಿಸಿದ ಬಗೆ

ಇಷ್ಟನ್ನು ಕಂಡು ತೃಪ್ತರಾಗಿ ಕುಳಿತಿದ್ದರೆ ಅದು ಒಂದು ಚೆಲುವಾದ ವರ್ಣನೆಯಾಗುತ್ತಿದ್ದಿತೇ ಹೊರತು ವಿಜ್ಞಾನವಾಗುತ್ತಿರಲಿಲ್ಲ. ಮರಿಗಳು ಹಾಲು ಕುಡಿಯುವುದು ದಿಟ. ಆದರೆ ಅವು ಬದುಕುವುದು ಹಾಲಿನಿಂದಲೆ, ತಾಯಿಯ ಕಾವಲಿನಿಂದಲೆ? ಎರಡೂ ಒಟ್ಟಿಗೆ ಇರುವಾಗ ಯಾವುದರ ಪಾಲು ಎಷ್ಟೆಂದು ಹೇಳುವುದು ಹೇಗೆ?

ಬಾಯಿಲನ ನಿಯಮವನ್ನು ಪರೀಕ್ಷಿಸುವ ವಿದ್ಯಾರ್ಥಿಗೆ ಉಪಾಯ ತಿಳಿದೇ ಇದೆ. ಅನಿಲದ ಗಾತ್ರವು ಒತ್ತಡವನ್ನೂ ಅವಲಂಬಿಸಿದೆ, ಉಷ್ಣತೆಯನ್ನೂ ಅವಲಂಬಿಸಿದೆ. ಆದುದರಿಂದ ಉಷ್ಣತೆಯನ್ನು ಸ್ಥಿರವಾಗಿಟ್ಟು ಒತ್ತಡವನ್ನು ಮಾತ್ರ ಬದಲಿಸುತ್ತೇವೆ. ಜೇಡದ ವಿಷಯದಲ್ಲಿಯೂ ಹೀಗೆಯೇ ಮಾಡಬೇಕು: ತಾಯಿ ಇರಬೇಕು, ಹಾಲು ಇರಬಾರದು. ಇದಕ್ಕೆ ಸಂಶೋಧಕರು ಕಂಡುಕೊಂಡ ಸಾಧನ ಬಹಳ ಸರಳವಾದುದು. ಬರೆವಣಿಗೆಯ ತಪ್ಪನ್ನು ಮುಚ್ಚಲು ಕಛೇರಿಗಳಲ್ಲಿ ಬಳಸುವ, ಹಚ್ಚಿದೊಡನೆ ಒಣಗುವ ಬಿಳಿಯ ದ್ರವವನ್ನು ತಾಯಿಜೇಡದ ಸೀಳುಗೆರೆಗೆ ಸವರಿ, ಹಾಲು ಜಿನುಗದಂತೆ ಮಾಡಿದರು.

ಮೊಟ್ಟೆಯೊಡೆದ ದಿನದಿಂದಲೇ ಹಾಲನ್ನು ಕಟ್ಟಿದಾಗ, ತಾಯಿ ಪಕ್ಕದಲ್ಲಿಯೇ ಇದ್ದರೂ ಮರಿಗಳು ಬೆಳೆಯಲಿಲ್ಲ; ಸುಮಾರು ೧೦ ದಿನಗಳೊಳಗಾಗಿ ಎಲ್ಲವೂ ಸತ್ತುವು. ಎಳೆಯ ಮರಿಗಳ ಪಾಲಿಗೆ ಹಾಲೇ ಜೀವವೆಂಬುದು ಇದರಿಂದ ನಿಶ್ಚಯವಾಯಿತು.

ಇನ್ನು ೨೦ ದಿನ ತುಂಬಿದ, ಬೇಟೆಯಾಡಬಲ್ಲ ಮರಿಗಳ ಮಾತು. ಇಲ್ಲಿ ಮೂರು ಬಗೆಯ ಗೂಡುಗಳನ್ನು ಹೋಲಿಸಿ ನೋಡಬೇಕಾಗಿತ್ತು: ಹಾಲೂಡುವ ತಾಯಿ ಇರುವ ಗೂಡು, ತಾಯಿ ಇದ್ದು ಹಾಲು ಕಟ್ಟಿದ ಗೂಡು, ತಾಯಿಯನ್ನೇ ತೆಗೆದ ಗೂಡು. ಹಾಲಿನದೇ ಮುಖ್ಯ ಪಾತ್ರವಾಗಿದ್ದಲ್ಲಿ ಎರಡನೆಯ ಗೂಡೂ ಮೂರನೆಯ ಗೂಡೂ ಒಂದೇ ಸಮನಾಗಿ ಸೊರಗಬೇಕಷ್ಟೆ. ಹಾಗೆ ಆಗಲಿಲ್ಲ. ತಾಯಿ ಇದ್ದ ಗೂಡುಗಳಲ್ಲಿ, ಹಾಲು ನಿಂತರೂ, ಮರಿಗಳು ಚೆನ್ನಾಗಿಯೇ ಉಳಿದುವು, ಬೆಳೆದುವು. ತಾಯಿಯನ್ನು ತೆಗೆದ ಗೂಡುಗಳಲ್ಲಿ ಪರೋಪಜೀವಿಗಳ ಕಾಟ ಹೆಚ್ಚಿತು. ಪ್ರಾಯಕ್ಕೆ ಬಂದ ಮರಿಗಳ ಸಂಖ್ಯೆ ಇಳಿಯಿತು. ತಾಯಿಯ ಪೂರ್ಣ ಆರೈಕೆ ದೊರೆತಾಗ ನೂರಕ್ಕೆ ೭೬ ಮರಿಗಳು ಪ್ರಾಯಕ್ಕೆ ಬಂದುವು. ತಾಯಿ ಗೂಡಿನ ಹರಕನ್ನು ಹೊಲಿಯುತ್ತದೆ. ಮರಿಗಳು ಕಳಚಿದ ಪೊರೆಗಳನ್ನು ಹೊರಗೆ ಸಾಗಿಸುತ್ತದೆ. ಕಸವನ್ನು ಗುಡಿಸಿ ಮನೆಯನ್ನು ಚೊಕ್ಕಟವಾಗಿಡುವ ಈ ಕೆಲಸ ಹೊರನೋಟಕ್ಕೆ ಹಾಲಿನಷ್ಟು ಸೋಜಿಗವಾದುದಲ್ಲ. ಆದರೆ ಬೆಳೆದ ಮರಿಗಳ ಬದುಕಿಗೆ ಒದಗಿಬಂದುದು ಅದು.

ಹಾಗಾದರೆ ೨೦ ದಿನಗಳ ಅನಂತರದ ಹಾಲು ನಿರರ್ಥಕವೆ? ಅವಸರದಿಂದ ಹಾಗೆ ಹೇಳಲಾಗದು. ಪ್ರಯೋಗಶಾಲೆಯಲ್ಲಿ ಆಹಾರಕ್ಕೆ ಕೊರತೆಯಿರುವುದಿಲ್ಲ. ಹೊರಗೆ, ಮಳೆ ಹಿಡಿದು ಒಂದು ನೊಣವೂ ಸಿಕ್ಕದ ದಿನಗಳಲ್ಲಿ, ಎಳೆಯ ಬೇಟೆಗಾರನಿಗೆ ರಾತ್ರಿಯ ಆ ಒಂದು ಗುಟುಕು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಓದುಗರೇ ಊಹಿಸಬಹುದು.

ಇನ್ನೂ ಒಂದು ವಿಶೇಷವುಂಟು. ಮರಿಗಳು ಚಿಕ್ಕವಾಗಿರುವಾಗ ತಾಯಿ ಹೆಣ್ಣು ಗಂಡೆಂಬ ಭೇದವನ್ನೆಣಿಸದೆ ಎಲ್ಲಕ್ಕೂ ಹಾಲೂಡುತ್ತದೆ. ಪ್ರಾಯಕ್ಕೆ ಬಂದ ಮೇಲೂ ಹೆಣ್ಣುಮಕ್ಕಳಿಗೆ ತವರಿನ ಬಾಗಿಲು ತೆರೆದೇ ಇರುತ್ತದೆ. ಪ್ರಾಯಕ್ಕೆ ಬಂದ ಗಂಡು ಮರಳಿ ಬಂದರೆ ಮಾತ್ರ ತಾಯಿ ಅದರ ಮೇಲೆ ಎರಗಿ ಓಡಿಸುತ್ತದೆ. ಒಡಹುಟ್ಟಿದವುಗಳ ಕೂಟವನ್ನು ತಪ್ಪಿಸುವುದಕ್ಕೆ ಇದು ಪ್ರಕೃತಿಯ ಏರ್ಪಾಡಾಗಿರಬಹುದು.

ಹಾಲೆಂದರೆ ಯಾವುದು?

೨೦೧೮ರ ನವೆಂಬರ್ ತಿಂಗಳಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಸಂಶೋಧನೆ ಪ್ರಕಟವಾದಾಗ ಒಂದು ಪ್ರಶ್ನೆ ಎದ್ದಿತು. ಸ್ತನವಿಲ್ಲದ ಪ್ರಾಣಿಯ ದ್ರವವನ್ನು ಹಾಲೆನ್ನಬಹುದೆ?

ಸಸ್ತನಿಗಳ ಹೊರಗೆ ಹಾಲನ್ನು ಹೋಲುವ ದ್ರವಗಳು ಮೊದಲೇ ತಿಳಿದಿದ್ದುವು. ಪಾರಿವಾಳದ ಗಂಡೂ ಹೆಣ್ಣೂ ತಮ್ಮ ಗಂಟಲಚೀಲದಲ್ಲಿ ಒಸರುವ ಗಟ್ಟಿಯಾದ ಹಾಲನ್ನು ಮರಿಗಳ ಬಾಯಿಗೆ ಇಳಿಸುತ್ತವೆ. ಆಫ್ರಿಕದ ತ್ಸೆತ್ಸೆ ನೊಣ ತನ್ನ ಮರಿಹುಳುವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಅಲ್ಲಿಯೇ ಹಾಲೂಡಿ ಬೆಳೆಸುತ್ತದೆ. ಮೊಟ್ಟೆಯಿಡದೆ ಮರಿಗಳನ್ನೇ ಹೆರುವ ಡಿಪ್ಲಾಪ್ಟೆರಾ ಪಂಕ್ಟೇಟಾ ಎಂಬ ಜಿರಲೆಯೂ ಹೀಗೆಯೇ. ಅದರ ಹಾಲು ಭ್ರೂಣದ ಕರುಳಿನಲ್ಲಿ ಹರಳುಗಟ್ಟಿ ನಿಲ್ಲುತ್ತದೆ. ಆ ಹರಳಿನ ಅಣುರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿ ೨೦೧೬ರಲ್ಲಿ ಪ್ರಕಟಿಸಿದ ತಂಡಕ್ಕೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯೇ ನೆಲೆಯಾಗಿದ್ದಿತೆಂಬುದು ನಮಗೆ ಸಂತೋಷದ ವಿಷಯ.

ಈ ಉದಾಹರಣೆಗಳಲ್ಲಿ ನೊಣವೂ ಜಿರಲೆಯೂ ಹಾಲೂಡುವುದು ಹೆರುವುದಕ್ಕೆ ಮುನ್ನ. ಪಾರಿವಾಳ ಹೊರಗೆ ಬಂದ ಮರಿಗೆ ಕೊಟ್ಟರೂ ಅದು ಅಲ್ಪಕಾಲ. ಯುನ್ನಾನಿನ ಜೇಡವಾದರೋ ಹುಟ್ಟಿದ ಮರಿಗೆ, ತನ್ನ ಮೈಯಿಂದಲೇ, ಅದು ಬಹುಮಟ್ಟಿಗೆ ಬೆಳೆದು ನಿಲ್ಲುವವರೆಗೆ ಹಾಲನ್ನು ಕೊಡುತ್ತದೆ. ಮರಿ ತಾಯಿಯ ಬಳಿಗೆ ಬಂದು ಬಾಯಿಟ್ಟು ಕುಡಿಯುತ್ತದೆ. ಅಂಗದ ರಚನೆಯಿಂದ ನೋಡಿದರೆ ಇದು ಸಸ್ತನಿಯ ಹಾಲಲ್ಲ. ಮಾಡುವ ಕೆಲಸದಿಂದ ನೋಡಿದರೆ ಹಾಲೆನ್ನದೆ ಬೇರೆ ದಾರಿಯಿಲ್ಲ. ಹಕ್ಕಿಯ ರೆಕ್ಕೆಗೂ ಚಿಟ್ಟೆಯ ರೆಕ್ಕೆಗೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಆದರೂ ಎರಡನ್ನೂ ರೆಕ್ಕೆಯೆಂದೇ ಕರೆಯುತ್ತೇವಲ್ಲವೆ?

ಈ ಹಾಲು ಹುಟ್ಟಿಕೊಂಡುದಾದರೂ ಹೇಗೆ? ಮೊಟ್ಟೆ ಹೊರಬರುವ ದಾರಿಯಿಂದಲೇ ಅದೂ ಹೊರಬರುವುದನ್ನು ವಾಚಕರು ಗಮನಿಸಿರಬಹುದು. ಕೆಲವು ಪ್ರಾಣಿಗಳು ಮರಿಯಾಗದ ಬರಿಯ ಮೊಟ್ಟೆಗಳನ್ನಿಟ್ಟು, ಹುಟ್ಟಿದ ಮರಿಗಳಿಗೆ ಅವನ್ನೇ ಆಹಾರವಾಗಿ ಕೊಡುತ್ತವೆ. ಅಂತಹ ಮೊಟ್ಟೆಗಳೇ ಕಾಲಕ್ರಮದಲ್ಲಿ ರೂಪಗೆಟ್ಟು ಹಾಲಾಗಿ ಮಾರ್ಪಟ್ಟಿರಬಹುದೆಂದು ಈ ಸಂಶೋಧಕರು ಸೂಚಿಸಿದ್ದಾರೆ. ಇದು ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ.

ತಾಯಿಯ ಮಮತೆಯೆಂಬ ಮಾತನ್ನು ನಾವು ಇದುವರೆಗೆ ಎಲ್ಲಿಯೂ ಬಳಸಿಲ್ಲ. ಜೇಡದ ಮನಸ್ಸಿನಲ್ಲಿ ಏನಿದೆಯೆಂಬುದನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಹಾಲಿನ ಹನಿ, ಹೊಲಿದ ಗೂಡು, ಹೊರಹಾಕಿದ ಪೊರೆ, ಬದುಕಿ ಉಳಿದ ಮರಿಗಳ ಸಂಖ್ಯೆ ಇವನ್ನು ಮಾತ್ರ ಅಳೆಯಬಹುದು. ಕರುವನ್ನು ನೆಕ್ಕುವ ಹಸುವನ್ನು ಕಂಡು ಉಂಟಾಗುವ ಭಾವ, ಬಿಳಿಯ ಚೀಲದ ಮೇಲೆ ಹೊಟ್ಟೆ ಸೊರಗಿ ಕುಳಿತ ಜೇಡವನ್ನು ಕಂಡಾಗಲೂ ನಮ್ಮಲ್ಲಿ ಉಂಟಾದುದು ದಿಟ. ಆದರೆ ಅದು ನಮ್ಮ ವಿಷಯ, ಜೇಡದ ವಿಷಯವಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು

ಈ ಜೇಡವನ್ನು ನೋಡಲು ಯುನ್ನಾನಿಗೆ ಹೋಗಬೇಕು. ಆದರೆ ಅದರ ನೆಂಟರು ನಮ್ಮಲ್ಲಿಯೇ ಇದ್ದಾರೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಾವು ಹಲಸಿನ ಮರಗಳ ಎಲೆಗಳನ್ನು ಹೆಣೆದು ಗೂಡುಕಟ್ಟುವ ಚಗಳಿ ಇರುವೆಯನ್ನು ಎಲ್ಲರೂ ಬಲ್ಲರು. ಅದರ ಕಡಿತದ ಉರಿಯನ್ನೂ ಕೆಲವರು ಅದರ ಚಟ್ನಿಯ ರುಚಿಯನ್ನೂ ಬಲ್ಲರು. ಆ ಸಾಲಿನ ಪಕ್ಕದಲ್ಲಿಯೇ, ಅದೇ ಕೆಂಪು ಬಣ್ಣದ, ಆದರೆ ಸಾಲಿಗೆ ಸೇರದೆ ಒಂಟಿಯಾಗಿ ಅಡ್ಡಾಡುವ 'ಇರುವೆ'ಯೊಂದು ಕಂಡರೆ ಅದರ ಕಾಲುಗಳನ್ನು ಎಣಿಸಿರಿ. ಎಂಟಿದ್ದರೆ ಅದು ಚಗಳಿಯ ವೇಷದ ನೆಗೆಜೇಡ. ಬೆರಳಿನಿಂದ ಬೆದರಿಸಿದರೆ ನೂಲಿನೊಂದು ಎಳೆಯನ್ನು ಹಿಡಿದು ಕೆಳಗಿಳಿದು ಜೋತಾಡುತ್ತದೆ. ಇರುವೆ ಹಾಗೆ ಮಾಡಲಾರದು. ಇದರ ಗಂಡಿನ ದವಡೆಗಳು ಮುಂದಕ್ಕೆ ಬಹಳ ಉದ್ದವಾಗಿ ಚಾಚಿಕೊಂಡಿರುವುದರಿಂದ, ನೋಡಿದವರಿಗೆ ಒಂದು ಇರುವೆ ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ತೋರುತ್ತದೆ.

ಗೋಡೆಯ ನೆಗೆಜೇಡವಂತೂ ಎಲ್ಲರ ಮನೆಯಲ್ಲಿಯೂ ಇದೆ. ಅದನ್ನು ನೋಡಲು ಕೈಮಸೂರವೊಂದು, ಟಿಪ್ಪಣಿ ಪುಸ್ತಕವೊಂದು ಸಾಕು. ಬಾಗಿಲ ಹಿಂದೆ, ಕಿಟಕಿಯ ಮೂಲೆಯಲ್ಲಿ, ಗೋಡೆಗೆ ತೂಗುಹಾಕಿದ ಪಂಚಾಂಗದ ಹಿಂಬದಿಯಲ್ಲಿ ಬಿಳಿಯ ಚೀಲವಿದೆಯೆ ನೋಡಿರಿ. ಇದ್ದರೆ ಮನೆಯವರಿಗೆ ಹೇಳಿ, ಕಸಪೊರಕೆ ಆ ಮೂಲೆಗೆ ಒಂದು ತಿಂಗಳು ತಾಗದಂತೆ ಏರ್ಪಾಡು ಮಾಡಿಕೊಳ್ಳಿರಿ. ಗೂಡು ಕಂಡ ದಿನವನ್ನೂ, ತಾಯಿ ಎಲ್ಲಿತ್ತೆಂಬುದನ್ನೂ, ಮರಿ ಹೊರಬಂದ ದಿನವನ್ನೂ ಬರೆದಿಡಿರಿ. ಮರಿಗಳು ಹೊರಬಂದ ಮೇಲೆ ತಾಯಿಯ ಹೊಟ್ಟೆಯಡಿಗೆ ಹೋಗುತ್ತವೆಯೆ, ಗೂಡಿಗೆ ಮರಳಿ ಬರುತ್ತವೆಯೆ ಎಂಬುದನ್ನು ವಿಶೇಷವಾಗಿ ಗಮನಿಸಿರಿ. ನೆಗೆಜೇಡಗಳ ಆರು ಸಾವಿರ ಜಾತಿಗಳಲ್ಲಿ ತಾಯಿಯೂ ಮರಿಯೂ ಹೇಗೆ ಬಾಳುತ್ತವೆಂಬುದನ್ನು ದಿನಗಟ್ಟಲೆ ಕುಳಿತು ನೋಡಿರುವುದು ಕೆಲವೇ ಕೆಲವನ್ನು.

ಮೊಟ್ಟೆಗಳನ್ನು ಮಾತ್ರ ಎಣಿಸಲು ಹೋಗಬೇಡಿರಿ. ಮರಿಗಳು ಹೊರಟುಹೋದ ಮೇಲೆ ಬರಿದಾದ ಚೀಲವನ್ನು ಬಿಡಿಸಿ, ಒಳಗೆ ಉಳಿದ ಮೊಟ್ಟೆಯ ಸಿಪ್ಪೆಗಳನ್ನು ನಿಧಾನವಾಗಿ ಎಣಿಸಬಹುದು. ನಾವು ಎರಡನೆಯ ವರ್ಷ ಹಾಗೆಯೇ ಮಾಡಿದೆವು.